ಕ್ಯಾಲಿಫೋರ್ನಿಯಾದಲ್ಲಿ ರಜೆ ಕೂಡಿಡುವ ಮುನ್ನ

ಬೆಂಗಳೂರಿನ ಕಚೇರಿಗಳಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಟ ಹುಡುಗ ಹುಡುಗಿಯರು ಜಯನಗರದ ನಮ್ಮ ಮನೆಗೆ ಬಂದು ಬಾಡಿಗೆ, ಕಾರು, ವೀಸಾ ಎಲ್ಲವನ್ನೂ ವಿಚಾರಿಸುತ್ತಾರೆ. ರಜೆಯ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಎರಡು ಮೂರು ವರ್ಷದ ಮೇಲೆ ಊರಿಗೆ ಬಂದವರು ರಜೆಯನ್ನೆಲ್ಲ ಕೂಡಿಟ್ಟಿದ್ದೇವೆ ಎಂದು ಸಮಾಧಾನದಿಂದ ಹೇಳುವಾಗ ನನಗೆ ಸಂಕಟವಾಗುತ್ತದೆ. ನಾನು ಕಳೆದುಕೊಂಡದ್ದನ್ನೇ ಅವರೂ ಕಳೆದುಕೊಂಡಿರುತ್ತಾರೆ, ಅದು ಅವರ ಗಮನಕ್ಕೇ ಬಂದಿರುವುದಿಲ್ಲ.

ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದಲ್ಲಿ 20 ದಿನದ ದುಡಿಮೆಗೆ ಒಂದು ದಿನದಂತೆ ಗಳಿಕೆ ರಜೆಯ ಹಕ್ಕಿದೆ. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಖಾಸಗಿ ನೌಕರರಿಗೆ ಸಂಬಳಸಹಿತ ವಾರ್ಷಿಕ ರಜೆ ಕೊಡಲೇಬೇಕೆಂಬ ನಿಯಮವೇ ಇಲ್ಲ. ಕಂಪನಿ ಕೊಟ್ಟರೆ ಉಂಟು. ಇಷ್ಟರ ಮಟ್ಟಿಗೆ ನಮ್ಮ ಪದ್ಧತಿಯೇ ಮೇಲು. ಆದರೆ ಕಂಪನಿ ಒಮ್ಮೆ ಕೊಡಲು ಒಪ್ಪಿದ ಮೇಲೆ ಕ್ಯಾಲಿಫೋರ್ನಿಯಾದ ಕಾನೂನು ಬಹಳ ಬಿಗಿ: ಗಳಿಸಿದ ರಜೆ ಸಂಬಳಕ್ಕೆ ಸಮ, ವರ್ಷ ಮುಗಿಯಿತೆಂದು ಅದನ್ನು ರದ್ದು ಮಾಡುವಂತಿಲ್ಲ, ಕೆಲಸ ಬಿಟ್ಟಾಗ ಉಳಿದ ಗಂಟೆಗಳಿಗೆ ಕೊನೆಯ ಸಂಬಳದ ದರದಲ್ಲೇ ಹಣ ಕೊಡಬೇಕು.

ಇದನ್ನು ನಂಬಿಯೇ ನಾನು ಕೆಟ್ಟೆ. ಗಳಿಸಿದ್ದನ್ನು ರದ್ದು ಮಾಡುವಂತಿಲ್ಲ, ನಿಜ; ಆದರೆ ಮುಂದೆ ಗಳಿಸುವುದನ್ನು ನಿಲ್ಲಿಸಬಹುದು. ಕೂಡಿದ ರಜೆ ಒಂದು ಮಿತಿ ಮುಟ್ಟಿದೊಡನೆ ಜಮೆ ನಿಲ್ಲುತ್ತದೆ; ಆ ಮಿತಿಗೆ ಅಲ್ಲಿ ಅಕ್ರೂವಲ್ ಕ್ಯಾಪ್ ಎನ್ನುತ್ತಾರೆ. ನನಗೆ ವರ್ಷಕ್ಕೆ 15 ದಿನ, ಅಂದರೆ 120 ಗಂಟೆ ರಜೆ ಇತ್ತು. ತಿಂಗಳಿಗೆ 10 ಗಂಟೆ ಜಮೆಯಾಗುತ್ತಿತ್ತು. ಕ್ಯಾಪ್ ಅದರ ಒಂದೂವರೆ ಪಟ್ಟು, 180 ಗಂಟೆ. ನಾನು 27 ತಿಂಗಳು ಒಂದು ದಿನವೂ ರಜೆ ಹಾಕಲಿಲ್ಲ. ಹದಿನೆಂಟನೆಯ ತಿಂಗಳಿಗೆ ಕ್ಯಾಪ್ ತುಂಬಿತು, ಆಮೇಲಿನ ಒಂಬತ್ತು ತಿಂಗಳು ಏನೂ ಸೇರಲಿಲ್ಲ. 90 ಗಂಟೆ, ಹನ್ನೊಂದು ದಿನಕ್ಕೂ ಹೆಚ್ಚಿನ ಸಂಬಳ, ನನ್ನ ಲೆಕ್ಕಕ್ಕೆ ಬರಲೇ ಇಲ್ಲ. ಯಾರೂ ಎಚ್ಚರಿಸಲಿಲ್ಲ. ಪೇ ಸ್ಲಿಪ್ಪಿನಲ್ಲಿ 180 ಎಂಬ ಅಂಕಿ ತಿಂಗಳಾನುಗಟ್ಟಲೆ ಕದಲದೆ ನಿಂತಿತ್ತು. ನಾನು ಅದನ್ನು ಉಳಿತಾಯವೆಂದೇ ತಿಳಿದಿದ್ದೆ.

ನಮ್ಮ ಮ್ಯಾನೇಜರ್ ಒಮ್ಮೆಯೂ ರಜೆ ಇಲ್ಲ ಎನ್ನಲಿಲ್ಲ. ಖಂಡಿತ ಹೋಗಿ ಬನ್ನಿ, ಈ ರಿಲೀಸ್ ಒಂದು ಮುಗಿಯಲಿ ಎನ್ನುತ್ತಿದ್ದರು. ಅದು ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಎಚ್-1ಬಿ ವೀಸಾದವರು ಕೆಲಸ ಕಳೆದುಕೊಂಡರೆ ಮುಂದಿನ ದಾರಿ ನೋಡಿಕೊಳ್ಳಲು ಹೆಚ್ಚೆಂದರೆ 60 ದಿನ ಸಿಗುತ್ತದೆ. ಆ ಭಯ ಎದೆಯಲ್ಲಿರುವವನಿಗೆ ಎರಡನೆಯ ಸಲ ಕೇಳಲು ಬಾಯಿ ಬರುವುದಿಲ್ಲ. ತಂಗಿಯ ಸೀಮಂತಕ್ಕೆ ನಾನು ಬರಲಿಲ್ಲ, ಮಗುವಿನ ನಾಮಕರಣಕ್ಕೂ ಬರಲಿಲ್ಲ. ಹಾಗೆ ಮುಂದೂಡಿದ ಪ್ರತಿ ತಿಂಗಳೂ ಲಾಭವಾದದ್ದು ಕಂಪನಿಗೆ.

ಆದ್ದರಿಂದ ಕೆಲಸಕ್ಕೆ ಸೇರಿದ ವಾರವೇ ಹ್ಯಾಂಡ್‌ಬುಕ್ಕಿನಲ್ಲಿ ಕ್ಯಾಪ್ ಎಷ್ಟೆಂದು ಹುಡುಕಿ, ಅದು ಯಾವ ತಿಂಗಳು ತುಂಬುತ್ತದೆಂದು ಲೆಕ್ಕ ಹಾಕಿ, ಅದಕ್ಕೆ ಮೂರು ನಾಲ್ಕು ತಿಂಗಳು ಮೊದಲೇ ದಿನಾಂಕ ಸಮೇತ ಇಮೇಲಿನಲ್ಲಿ ರಜೆ ಕೇಳಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ದಾಖಲೆ ಉಳಿಯುವುದಿಲ್ಲ. ಕೇಳಿದ ದಿನವೇ ಕೊಡಬೇಕೆಂಬ ಕಟ್ಟುಪಾಡು ಕಂಪನಿಗಿಲ್ಲ. ಆಗದು ಎಂದರೆ ಯಾವಾಗ ಆಗುತ್ತದೆಂದು ಅದೇ ಇಮೇಲಿಗೆ ಉತ್ತರವಾಗಿ ಕೇಳಿ. ಊರಿಗೆ ಹೋಗುವುದು ದೂರವಿದ್ದರೆ, ಕ್ಯಾಪ್ ಹತ್ತಿರವಾದಾಗ ತಿಂಗಳಿಗೊಂದು ಎರಡು ಶುಕ್ರವಾರವಾದರೂ ರಜೆ ಹಾಕಿ ಮನೆಯಲ್ಲಿರಿ. ಊರಿಗಲ್ಲದ ರಜೆ ದಂಡ ಎಂಬ ನಮ್ಮವರ ಭಾವನೆ ತಪ್ಪು.

ರಜೆಗೆ ಲೆಕ್ಕವೇ ಇಲ್ಲ, ಎಷ್ಟು ಬೇಕಾದರೂ ತೆಗೆದುಕೊಳ್ಳಿ ಎನ್ನುವ ಕಂಪನಿಗಳಿವೆ. ಅಲ್ಲಿ ಇನ್ನೂ ಎಚ್ಚರವಿರಲಿ: ಲೆಕ್ಕವಿಲ್ಲದ ಕಡೆ ಏನೂ ಜಮೆಯಾಗುವುದಿಲ್ಲ, ಹಾಗಾಗಿ ಬಿಡುವಾಗ ಸಾಮಾನ್ಯವಾಗಿ ಹಣವೂ ಬರುವುದಿಲ್ಲ. ಟೆಕ್ಸಾಸ್‌ಗೆ ವರ್ಗವಾದರೆ ಕ್ಯಾಲಿಫೋರ್ನಿಯಾದ ಈ ರಕ್ಷಣೆ ಸಿಗುವುದಿಲ್ಲ. ಉಳಿದ ರಜೆಗೆ ಹಣ ಬರುವುದೂ ಬಿಡುವುದೂ ಅಲ್ಲಿ ಕಂಪನಿಯ ಲಿಖಿತ ನೀತಿಗೆ ಬಿಟ್ಟದ್ದು.

ಕ್ಯಾಲಿಫೋರ್ನಿಯಾದಲ್ಲಿ ಕೆಲಸದಿಂದ ತೆಗೆದರೆ ರಜೆಯ ಹಣವೂ ಸೇರಿ ಪೂರ್ತಿ ಬಾಕಿ ಅಂದೇ ಕೈಸೇರಬೇಕು. 72 ಗಂಟೆ ಮುಂಚಿತವಾಗಿ ತಿಳಿಸಿ ನೀವೇ ಬಿಟ್ಟರೆ ಕೊನೆಯ ದಿನ ಸಿಗಬೇಕು. ಆ ಹೊತ್ತಿಗೆ ಕಚೇರಿಯ ಪೋರ್ಟಲ್ ನಿಮಗೆ ತೆರೆಯದಿರಬಹುದು, ಆದ್ದರಿಂದ ಪ್ರತಿ ಪೇ ಸ್ಲಿಪ್ಪನ್ನೂ ಬಂದ ದಿನವೇ ನಿಮ್ಮ ಸ್ವಂತ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಿ.