ಬೆಂಗಳೂರಿನ ಜೇಬಿಗೆ ಎರಡೂವರೆ ಇಂಚಿನ ಚಾಕು ಸಾಕು: ನನ್ನ ಅನುಭವ

ಎರಡೂವರೆ ಇಂಚಿನ ಅಲಗು, ಲಾಕ್ ಇಲ್ಲ, ಸ್ಟೀಲು ಮೆತ್ತಗೆ. ವಿಕ್ಟೋರಿನಾಕ್ಸ್ ಕಂಪನಿಯ ಕೆಡೆಟ್ ಆಲಾಕ್ಸ್ ಅನ್ನುವ ಇಂಥ ಮಡಿಸುವ ಚಾಕು ಇಟ್ಟುಕೊಂಡು ಸಿಸಿಟಿವಿ, ನೆಟ್‌ವರ್ಕ್ ಕೇಬಲಿಂಗ್ ಕೆಲಸ ಮಾಡುತ್ತೇನೆ ಅಂದಾಗ ನಮ್ಮ ಲೈನಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಅಣ್ಣಾ, ಇದು ಉಗುರು ಕತ್ತರಿಸೋಕಾ?" ಅಂತ ಹುಡುಗರು ಕೇಳಿದರು. ಎಸ್‌.ಪಿ. ರೋಡಿನಲ್ಲಿ ನಾನು ಕೇಬಲ್ ಕೊಳ್ಳುವ ಅಂಗಡಿಯವರು "ವಾರಕ್ಕೇ ಮೊಂಡಾಗತ್ತೆ, ದುಡ್ಡು ದಂಡ" ಅಂದರು. ಮೂರು ವರ್ಷದ ಮೇಲಾಯಿತು, ದಿನಾ ಅದರಲ್ಲೇ ಕೆಲಸ ನಡೆಯುತ್ತಿದೆ. ಅವತ್ತು ಬೇಡ ಅಂದವರೇ ಈಗ ಯಾವುದು, ಎಷ್ಟು, ಎಲ್ಲಿ ಅಂತ ಫೋನ್ ಮಾಡುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತೆ. ಲೈನರ್ ಲಾಕ್ ಅಂದರೆ ತೆರೆದ ಅಲಗು ಮಡಚದ ಹಾಗೆ ಹಿಡಿಯೊಳಗಿನ ತಗಡಿನ ಪಟ್ಟಿ ಅಡ್ಡ ಬಂದು ಹಿಡಿಯುವುದು. ಸ್ಲಿಪ್ ಜಾಯಿಂಟ್ ಅಂದರೆ ಲಾಕ್ ಇಲ್ಲ, ಬೆನ್ನಿನ ಸ್ಪ್ರಿಂಗಿನ ಬಲ ಅಷ್ಟೇ. ನನ್ನದು ಈ ಎರಡನೆಯದು.

ಮೊದಲು ಕಟ್ಟರ್ ವಿಷಯ ಮುಗಿಸುತ್ತೇನೆ, ಯಾಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಮೂವತ್ತು ನಲವತ್ತು ರೂಪಾಯಿಗೆ ಕಟ್ಟರ್ ಸಿಗುವಾಗ ಚಾಕು ಯಾಕೆ? ಕಟ್ಟರ್ ಒಳ್ಳೆಯದೇ, ನನ್ನ ಟೂಲ್ ಬ್ಯಾಗಿನಲ್ಲಿ ಈಗಲೂ ಇದೆ. ಆದರೆ ಅದು ಜೇಬಿನ ಸಾಮಾನಲ್ಲ. ಗುಂಡಿ ಸರಿದು ಜೇಬಿನೊಳಗೇ ಬಾಯಿ ತೆರೆಯುತ್ತದೆ. ಕಾರ್ಟನ್ ಕೊಯ್ಯುವಾಗ ಸ್ವಲ್ಪ ಪಕ್ಕಕ್ಕೆ ಒತ್ತಡ ಬಿದ್ದರೆ ಬ್ಲೇಡಿನ ತುಂಡು ಟಪ್ ಅಂತ ಹಾರುತ್ತದೆ. ಗೋಡೌನಿನಲ್ಲಿ ಹಾರಿದರೆ ಪರವಾಗಿಲ್ಲ. ಅಂಬೆಗಾಲಿಡುವ ಮಗು ಇರುವ ಮನೆಯ ಹಾಲಿನಲ್ಲಿ ಹಾರಿದರೆ? ಆ ತುಂಡು ಸಿಗುವವರೆಗೆ ಸೋಫಾ ಎತ್ತಿ ಹುಡುಕಬೇಕು, ಮನೆಯವರು ನಿಂತು ನೋಡುತ್ತಿರುತ್ತಾರೆ. ಗಿರಾಕಿ ಮನೆಯೊಳಗೆ ಕೆಲಸ ಮಾಡುವವರಿಗೆ ಇದು ಚಿಕ್ಕ ವಿಷಯ ಅಲ್ಲ.

ಹಾಗಾಗಿ ಚಾಕು. ಈ ಒಂದು ಚಾಕುವಿಗೆ ಬರುವ ಮುಂಚೆ ಏನಿಲ್ಲವೆಂದರೂ ಹದಿನೈದು ಸಾವಿರ ಖರ್ಚಾಗಿದೆ, ಸಾಣೆಕಲ್ಲು, ಸಾಣೆಪಟ್ಟಿ ಎಲ್ಲ ಸೇರಿಸಿದರೆ ಇನ್ನೂ ಜಾಸ್ತಿಯೇ.

ಮೊದಲನೆಯದು ಕಪ್ಪು ಕೋಟಿಂಗ್ ಇರುವ, ಒಂದೇ ಕೈಲಿ ಚಟ್ ಅಂತ ತೆರೆಯುವ ಲೈನರ್ ಲಾಕ್. ಅಲಗು ಮೂರೂವರೆ ಇಂಚು, ಸಾವಿರದ ಇನ್ನೂರೋ ಏನೋ ಕೊಟ್ಟಿದ್ದೆ. ಹೆಸರು ಬೇಡ. ನೋಡಲು ಭರ್ಜರಿ. ಆದರೆ ನಮ್ಮದು ಗೋಡೆ ಕೊರೆಯುವ ಕೆಲಸ ಅಲ್ವಾ, ಸಿಮೆಂಟ್ ಧೂಳು ಲೈನರಿನ ಸಂದಿಗೆ ಹೋಗಿ ಕೂರುತ್ತದೆ. ಲಾಕ್ ಪೂರ್ತಿ ಕೂರುವುದಿಲ್ಲ, ಕೂತ ಹಾಗೆ ಶಬ್ದ ಮಾತ್ರ ಬರುತ್ತದೆ. ಒಂದು ದಿನ ಐದು ಪದರದ ಕಾರ್ಟನ್ನಿನಲ್ಲಿ ಅಲಗು ಸಿಕ್ಕಿಕೊಂಡಿತು. ಹೊರಳಿಸಿ ಎಳೆದಾಗ ಲಾಕ್ ಜಾರಿ ತೋರುಬೆರಳಿನ ಗೆಣ್ಣಿನ ಮೇಲೆ ಮಡಚಿಕೊಂಡಿತು. ಹೊಲಿಗೆ ಬಿತ್ತು, ವಾರ ಹತ್ತು ದಿನ ಕ್ರಿಂಪಿಂಗ್ (ಕೇಬಲ್ ತುದಿಗೆ ಕನೆಕ್ಟರ್ ಒತ್ತಿ ಕೂರಿಸುವ) ಕೆಲಸವೆಲ್ಲ ಹುಡುಗರ ಮೇಲೆ ಬಿತ್ತು. ಲಾಕ್ ಇದ್ದರೆ ಸೇಫ್ ಅನ್ನುವವರಿಗೆ ನಾನು ಈ ಬೆರಳು ತೋರಿಸುತ್ತೇನೆ.

ಆ ಚಾಕುವಿನದು ಇನ್ನೊಂದು ತಲೆನೋವು, ಸೆಕ್ಯೂರಿಟಿ. ಅಪಾರ್ಟ್‌ಮೆಂಟ್ ಗೇಟಿನಲ್ಲಿ, ಟೆಕ್ ಪಾರ್ಕಿನಲ್ಲಿ ಬ್ಯಾಗ್ ತೆಗೆಸುತ್ತಾರೆ. ಕಪ್ಪು ಅಲಗು ಕಂಡ ಕೂಡಲೇ "ಏನ್ ಸಾರ್ ಇದು, ಬಟನ್ ಚಾಕುನಾ?" ಅಂತ ಮುಖ ನೋಡುತ್ತಾರೆ. ಬಟನ್ ಅಲ್ಲ ಅಂತ ತೆರೆದು ತೋರಿಸಿದರೆ ಇನ್ನೂ ಕಷ್ಟ, ಚಟ್ ಅಂತ ತೆರೆದುಕೊಳ್ಳುತ್ತದಲ್ಲ. ಅವರ ತಪ್ಪಿಲ್ಲ, ಅದು ಅವರ ಕೆಲಸ. ಈಗಿನ ಬೆಳ್ಳಿ ಬಣ್ಣದ ಚಿಕ್ಕ ಚಾಕುವನ್ನು ಅದೇ ಗೇಟುಗಳಲ್ಲಿ ಕೈಗೆ ಕೊಡುತ್ತೇನೆ. ತಿರುಗಿಸಿ ನೋಡಿ, ಓಪನರ್ ಇದೆಯಲ್ಲ ಅಂತ ವಾಪಸ್ ಕೊಡುತ್ತಾರೆ.

ಕಾನೂನಿನ ಮಾತು ಬಂದಾಗ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. 2016ರ ಆರ್ಮ್ಸ್ ರೂಲ್ಸ್ ಪಟ್ಟಿಯಲ್ಲಿ ಆಯುಧ ಅಂತ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು. ಮನೆಬಳಕೆ, ಬೇಸಾಯ, ಕೈಗಾರಿಕೆಗೆಂದು ಮಾಡಿದ್ದು ಅದರಿಂದ ಹೊರಗೆ. ದೆಹಲಿಯಲ್ಲಿ ಇನ್ನೂ ಬಿಗಿ. 1980ರ ಅಧಿಸೂಚನೆಯ ಪ್ರಕಾರ ಬಟನ್, ಸ್ಪ್ರಿಂಗ್ ಚಾಕುಗಳಿಗೆ ಅಲ್ಲಿನ ಗೆರೆ 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ. 7.62 ಅಂದರೆ ಸರಿಯಾಗಿ ಮೂರು ಇಂಚು. ನನ್ನ ತಮ್ಮ ಇಂಗ್ಲೆಂಡಿನಲ್ಲಿದ್ದಾನೆ, ಅಲ್ಲೂ ಅದೇ ಮೂರು ಇಂಚು. ಜೊತೆಗೆ ಲಾಕ್ ಇರಬಾರದು, ಇದ್ದರೆ ತಕ್ಕ ಕಾರಣ ತೋರಿಸಬೇಕು. ಇದನ್ನೆಲ್ಲ ನೋಡಿದ ಮೇಲೆ ನಾನು ಎರಡು ಗೆರೆ ಹಾಕಿಕೊಂಡೆ: ಅಲಗು ಮೂರು ಇಂಚಿನೊಳಗೆ, ಲಾಕ್ ಬೇಡ. ಊರೂರು ತಿರುಗುವವರಿಗೆ ಇದರಿಂದ ಎಷ್ಟೋ ತಲೆನೋವು ತಪ್ಪುತ್ತದೆ. ಮೆಟ್ರೋ ಹತ್ತುವ ದಿನ ಚಾಕು ಮನೆಯಲ್ಲೇ ಇರುತ್ತದೆ, ವಿಮಾನಕ್ಕೆ ಎಷ್ಟೇ ಚಿಕ್ಕದಾದರೂ ಚೆಕ್-ಇನ್ ಬ್ಯಾಗಿಗೆ.

ಎರಡನೇ ದೊಡ್ಡ ಖರ್ಚು ಡಿ2 ಅನ್ನುವ ಸ್ಟೀಲಿನ ಚಾಕುವಿನದು. ಎರಡೂವರೆ ಸಾವಿರ ಹತ್ತಿರ. "ಗಟ್ಟಿ ಸ್ಟೀಲ್, ತಿಂಗಳುಗಟ್ಟಲೆ ಹರಿತ ಹೋಗಲ್ಲ" ಅಂತ ಎಲ್ಲರೂ ಹೇಳಿದ್ದರು. ಹರಿತ ಉಳಿದದ್ದು ನಿಜ. ಆದರೆ ಹೋದ ಮೇಲೆ ವಾಪಸ್ ತರುವುದಿದೆಯಲ್ಲ, ಅದು ರಾತ್ರಿ ಊಟ ಆದ ಮೇಲೆ ಕೂತರೆ ಹನ್ನೊಂದು ಗಂಟೆ ಹೊಡೆಯುತ್ತದೆ. ಸಾಮಾನ್ಯ ಸಾಣೆಕಲ್ಲಿಗೆ ಅದು ಸುಲಭಕ್ಕೆ ಬಗ್ಗಲ್ಲ, ಡೈಮಂಡ್ ಪ್ಲೇಟ್ ಇದ್ದರೆ ಒಳ್ಳೆಯದು, ಅದಕ್ಕೆ ಬೇರೆ ದುಡ್ಡು. ಬೇಸಿಗೆಯಲ್ಲಿ ಜೇಬಿನ ಬೆವರಿಗೆ ಅಲಗಿನ ಮೇಲೆ ಕಂದು ಚುಕ್ಕೆ ಬಂತು. ಡಿ2 ಪೂರ್ತಿ ಸ್ಟೇನ್‌ಲೆಸ್ ಅಲ್ಲ ಅಂತ ಗೊತ್ತಿದ್ದವರಿಗೂ ಅಷ್ಟು ಬೇಗ ಬರುತ್ತದೆ ಅನಿಸಿರುವುದಿಲ್ಲ.

ಮುಖ್ಯ ವಿಷಯ ಇಲ್ಲಿದೆ. ಉದ್ದವೂ ಅಲ್ಲ, ಸ್ಟೀಲಿನ ಹೆಸರೂ ಅಲ್ಲ, ಅಲಗಿನ ದಪ್ಪ ನೋಡಿ. ಮೂರು, ಮೂರೂವರೆ ಮಿ.ಮೀ. ದಪ್ಪದ ಅಲಗು ಎಷ್ಟೇ ಹರಿತವಿದ್ದರೂ ಕಾರ್ಟನ್ನಿನಲ್ಲಿ ಸೌದೆ ಸೀಳುವ ಬೆಣೆಯ ಹಾಗೆ ಸಿಕ್ಕಿಕೊಳ್ಳುತ್ತದೆ. ಎರಡು ಮಿ.ಮೀ. ಇರುವುದು ಜಾರಿಕೊಂಡು ಹೋಗುತ್ತದೆ. ಇದನ್ನು ಕ್ಯಾಟ್ 6 ಅನ್ನುವ ನೆಟ್‌ವರ್ಕ್ ಕೇಬಲ್ ಮೇಲೆ ನೋಡಿ. ಕೇಬಲ್ ಸಿಪ್ಪೆ ಸುಲಿಯುವ ಸ್ಟ್ರಿಪ್ಪರ್ ಕೈಲಿಲ್ಲ ಅಂದುಕೊಳ್ಳಿ. ಅಲಗಿನ ಬಾಯನ್ನು, ಅಂದರೆ ಹರಿತದ ಅಂಚನ್ನು, ಜಾಕೆಟ್ (ಕೇಬಲ್ಲಿನ ಹೊರಗಿನ ಪ್ಲಾಸ್ಟಿಕ್ ಸಿಪ್ಪೆ) ಮೇಲೆ ಭಾರ ಹಾಕದೆ ಇಟ್ಟು, ಚಾಕು ಅಲ್ಲಾಡಿಸದೆ ಕೇಬಲ್ಲನ್ನೇ ಹೆಬ್ಬೆರಳಿನಿಂದ ಒಂದು ಸುತ್ತು ಹೊರಳಿಸಬೇಕು. ಗೀರು ಬೀಳಬೇಕು, ತೂತಾಗಬಾರದು. ಆಮೇಲೆ ಗೀರಿನ ಜಾಗದಲ್ಲಿ ಕೇಬಲ್ ಬಗ್ಗಿಸಿದರೆ ಜಾಕೆಟ್ ತಾನೇ ಬಾಯಿ ಬಿಡುತ್ತದೆ, ಒಳಗಿನ ಜೋಡಿ ತಂತಿಗೆ ಏನೂ ತಾಗಿರುವುದಿಲ್ಲ. ನಾಲ್ಕು ಜೋಡಿ ಬಿಡಿಸಿ ಹಿಂದಕ್ಕೆ ಮಡಚಿ, ನಡುವಿನ ಆ ಪ್ಲಸ್ ಆಕಾರದ ಪ್ಲಾಸ್ಟಿಕ್ ಕಡ್ಡಿಯನ್ನು ಬುಡದಲ್ಲೇ ಕೊಯ್ದು ಹಾಕಬೇಕು. ಅದು ಸ್ವಲ್ಪ ಉಳಿದರೂ ಕನೆಕ್ಟರ್ ಸರಿಯಾಗಿ ಕೂರಲ್ಲ. ದಪ್ಪ ಅಲಗು ಆ ಸಂದಿಗೆ ಹೋಗುವುದೇ ಇಲ್ಲ. ತೆಳು ಅಲಗಿನ ಮೊನೆ ಹೋಗುತ್ತದೆ, ಚಕ್ ಅಂತ ಕೆಲಸ ಮುಗಿಯುತ್ತದೆ.

ತೆಳು ಅಂತ ಗೊತ್ತಾದ ಮೇಲೆ ಆಯ್ಕೆ ಕಡಿಮೆಯಾಯಿತು. ಫ್ರಾನ್ಸಿನ ಒಪಿನೆಲ್ ಇದೆ, 1890ರಿಂದ ಮಾಡುತ್ತಿದ್ದಾರೆ. ನಂಬರ್ 6ಕ್ಕೆ 7 ಸೆಂ.ಮೀ. ಅಲಗು, ತಿರುಗಿಸುವ ರಿಂಗ್ ಲಾಕ್. ನಂಬರ್ 5ಕ್ಕೆ 6 ಸೆಂ.ಮೀ., ರಿಂಗ್ ಇಲ್ಲ. ಕೊಯ್ಯುವುದರಲ್ಲಿ ಇದಕ್ಕೆ ಸಮ ಇಲ್ಲ, ಮಾವಿನಹಣ್ಣಿನ ಸಿಪ್ಪೆ ಇದರಲ್ಲಿ ಒಂದೇ ಎಳೆಯಾಗಿ ಬರುತ್ತದೆ. ಮರದ ಹಿಡಿ ನೀರು ಕುಡಿದರೆ ಉಬ್ಬುತ್ತದೆ ಅನ್ನುವುದು ಬಳಸುವವರಿಗೆಲ್ಲ ಗೊತ್ತು, ಮಳೆಗಾಲದಲ್ಲಿ ಬೈಕಿನಲ್ಲಿ ತಿರುಗುವ ನನಗೆ ಅದು ಹೊಂದಲ್ಲ. ಮನೆಯಲ್ಲಿ ಅಡುಗೆಮನೆಗೆ ಕೊಟ್ಟಿದ್ದೇನೆ, ನನ್ನ ಹೆಂಡತಿ ಈಗ ಬೇರೆ ಚಾಕು ಮುಟ್ಟುವುದಿಲ್ಲ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸಿನ 58 ಮಿ.ಮೀ. ಕ್ಲಾಸಿಕ್ ಕೀಚೈನಿಗೆ ಸರಿ, ಇಪ್ಪತ್ತು ಗ್ರಾಂ ಚಿಲ್ಲರೆ ತೂಕ. ಆದರೆ ಹಿಡಿದುಕೊಳ್ಳಲು ಎರಡು ಬೆರಳಿಗೆ ಮಾತ್ರ ಜಾಗ, ಕಾರ್ಟನ್ನಿಗೆ ಆಗಲ್ಲ.

ಕೊನೆಗೆ ನಿಂತದ್ದು ಅದೇ ವಿಕ್ಟೋರಿನಾಕ್ಸಿನ ಕೆಡೆಟ್ ಆಲಾಕ್ಸ್. ಮಡಚಿದರೆ 84 ಮಿ.ಮೀ., ನಲವತ್ತೈದು ಗ್ರಾಂ ಆಸುಪಾಸು, ಅಲ್ಯೂಮಿನಿಯಂ ಹಿಡಿ, ಒಳಗೆ ಉಪಕರಣಗಳ ಎರಡು ಪದರ ಮಾತ್ರ. ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಕೂರುತ್ತದೆ. ಓಪನರಿನ ತುದಿಯ ಸ್ಕ್ರೂಡ್ರೈವರ್ ಕ್ಯಾಮೆರಾ ಬ್ರಾಕೆಟ್ಟಿಗೆ ಸಾಕು. ಉಗುರು ಉಜ್ಜುವ ಅರದ ತುದಿಯಲ್ಲಿ ಕೇಬಲ್ ಟೈ ನಾಲಿಗೆ ಎತ್ತಿ ಟೈ ವಾಪಸ್ ಬಳಸುತ್ತೇನೆ, ಇದನ್ನು ನೋಡಿದ ಮೇಲೆಯೇ ನಮ್ಮ ಹುಡುಗರು ಮೊದಲ ಸಲ ಕೈ ಚಾಚಿ ಕೇಳಿದ್ದು. ನಾನು ಕೊಂಡಾಗ ಮೂರು ಸಾವಿರದ ಹತ್ತಿರ ಇತ್ತು. ಜಾಸ್ತಿ ಅನಿಸಿತಾ? ನನ್ನ ಸೈಟುಗಳಲ್ಲಿ ಹುಡುಗರು ಕಟ್ಟರ್ ಬ್ಲೇಡಿನ ಪ್ಯಾಕೆಟ್ಟು ಒಡೆಯುವ ವೇಗ ನೋಡಿದರೆ ಎರಡು ಮೂರು ವರ್ಷದಲ್ಲಿ ಅಷ್ಟು ಅವರೇ ಖರ್ಚು ಮಾಡುತ್ತಾರೆ.

ಮೆತ್ತನೆ ಸ್ಟೀಲು ಅನ್ನುವ ದೂರು ನಿಜವೇ. ಡಿ2 ಸುಮಾರು 60 ಎಚ್‌ಆರ್‌ಸಿ ಇದ್ದರೆ ಇದು 56 (ಸ್ಟೀಲಿನ ಗಟ್ಟಿತನದ ಅಳತೆ ಅದು, ಹೆಚ್ಚಿದಷ್ಟೂ ಗಟ್ಟಿ). ದಿನಾ ಕಾರ್ಟನ್ ಕೊಯ್ದರೆ ಬಾಯಿ ಸ್ವಲ್ಪ ಸ್ವಲ್ಪ ಹೊರಳುತ್ತದೆ. ಹೊರಳಿದ ಬಾಯನ್ನು ಎಬ್ಬಿಸಿ ನಿಲ್ಲಿಸುವುದು ಎರಡು ನಿಮಿಷದ ಕೆಲಸ, ಗಟ್ಟಿ ಸ್ಟೀಲಿನಲ್ಲಿ ಮುರಿದ ಬಾಯನ್ನು ಸರಿ ಮಾಡುವುದು ಒಂದು ಸಂಜೆಯ ಕೆಲಸ. ಎಲ್ಲರೂ ಎಡವುವುದು ಈ ಲೆಕ್ಕದಲ್ಲೇ. ಕಂಪನಿಯಿಂದ ಬಂದ ಬಾಯಿ ನನಗೆ ಸಾಲಲಿಲ್ಲ, 1000 ಗ್ರಿಟ್ (ಕಲ್ಲಿನ ನಯದ ಅಳತೆ) ಸಾಣೆಕಲ್ಲಿನಲ್ಲಿ ಇನ್ನೂ ತೆಳು ಮಾಡಿದೆ. ಒಂದು ಬದಿಗೆ 15 ಡಿಗ್ರಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹಿಡಿಯುವ ಕೋನ ಬೇರೆ, ಎರಡೂ ಬದಿಗೆ ಒಂದೇ ಅಲ್ಲ. ಅದನ್ನು ಇಲ್ಲಿ ಹೇಳಲ್ಲ, ಅಲಗು ಕೈಗೆ ಬಂದಾಗ ನೋಡಿ ಕಂಡುಹಿಡಿಯಿರಿ. ದಿನಾ ರಾತ್ರಿ ಹಳೆಯ ಬೆಲ್ಟಿನ ಚರ್ಮಕ್ಕೆ ಪಾಲಿಶ್ ಅಂಗಡಿಯ ಹಸಿರು ಬಾರ್ (ಹೊಳಪು ಕೊಡುವ ಮೇಣದ ಗಟ್ಟಿ) ತಿಕ್ಕಿ, ಅದರ ಮೇಲೆ ಹಿಮ್ಮುಖವಾಗಿ ಹತ್ತು ಹದಿನೈದು ಎಳೆತ. ಬಾರ್ ಜೊತೆ ಇನ್ನೊಂದು ಪದಾರ್ಥ ಬೆರೆಸುತ್ತೇನೆ, ಅದೂ ನನ್ನ ಹತ್ತಿರವೇ ಇರಲಿ. ಸೈಟಿನಲ್ಲಿ ತುರ್ತಿಗೆ ಪಿಂಗಾಣಿ ಟೀ ಕಪ್ಪಿನ ತಳ ಸಾಕು. ತಳದಲ್ಲಿ ಹೊಳಪಿಲ್ಲದ ಒರಟು ಬಳೆ ಇರುತ್ತದಲ್ಲ, ಅದರ ಮೇಲೆ ಒಂದೊಂದು ಬದಿಗೂ ನಾಲ್ಕೈದು ಸಲ ಎಳೆದರೆ ಕಾಗದ ಸೀಳುತ್ತದೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಇನ್ನೊಂದು ಒಪಿನೆಲ್ ತರಿಸಿ, ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಒಬ್ಬರಿಂದ ಅದಕ್ಕೆ ಹಾಲೆ ಮರದ ಹಿಡಿ ಮಾಡಿಸಿದೆ. ಕೆಂಪು ಅರಗಿನ ಬಣ್ಣ ಹಾಕಿಕೊಟ್ಟರು, ನೋಡಲು ಎರಡು ಕಣ್ಣು ಸಾಲದು. ಆದರೆ ಬೇಸಿಗೆ ಮಧ್ಯಾಹ್ನ ಸ್ಕೂಟರಿನ ಸೀಟಿನಡಿ ಇಟ್ಟರೆ ಅರಗು ಮೆತ್ತಗಾಗಿ ಕೈಗೆ ಅಂಟುತ್ತದೆ. ಬಣ್ಣವಿಲ್ಲದ ಹಿಡಿಗೆ ಅಗಸೆ ಎಣ್ಣೆ ಕುಡಿಸಿ ನೋಡಿದೆ, ಅದು ಚೆನ್ನಾಗಿ ಬಂತು, ಬಿಳಿ ಮರ ತಿಂಗಳು ಕಳೆದ ಹಾಗೆ ಜೇನಿನ ಬಣ್ಣಕ್ಕೆ ತಿರುಗಿತು. ಇನ್ನೊಂದು, ಪೀಣ್ಯದ ವರ್ಕ್‌ಶಾಪಿನಿಂದ ಸವೆದ ಪವರ್ ಹ್ಯಾಕ್ಸಾ (ಕಬ್ಬಿಣ ಕೊಯ್ಯುವ ಯಂತ್ರದ ಗರಗಸ) ಬ್ಲೇಡ್ ತಂದು ಜಪಾನಿನ ಹಿಗೊನೊಕಾಮಿ ಥರ, ಹಿಂದೆ ಬಾಲ ಇರುವ ಮಡಿಸುವ ಚಾಕು ಮಾಡುವ ಯತ್ನ. ಬಾಲದ ಮೇಲೆ ಹೆಬ್ಬೆರಳು ಇದ್ದರೆ ಅಲಗು ಮಡಚುವುದಿಲ್ಲ, ಲಾಕೂ ಬೇಡ, ಸ್ಪ್ರಿಂಗೂ ಬೇಡ. ಆ ಬ್ಲೇಡನ್ನು ಕುಲುಮೆಗೆ ಹಾಕುವ ಹಾಗಿಲ್ಲ, ಹದ ಹೋದರೆ ವಾಪಸ್ ಬರಿಸುವುದು ನಮ್ಮ ಕೈಲಾಗದು, ಇದ್ದ ಹಾಗೇ ಗ್ರೈಂಡ್ ಮಾಡಬೇಕು. ಕೀಲಿಗೆ ತೂತು ಹಾಕುವಾಗ ಸಾಮಾನ್ಯ ಡ್ರಿಲ್ ಬಿಟ್ಟುಗಳ ತಲೆ ಸುಟ್ಟುಹೋಯಿತು, ಕೊನೆಗೆ ಕಾರ್ಬೈಡ್ ಬಿಟ್ಟಿನಲ್ಲಿ ಆಯಿತು. ಚಾಕು ಆಗಿದೆ, ಕೊಯ್ಯುತ್ತದೆ. ಮೊನೆ ಮಾತ್ರ ಕಾಂಕ್ರೀಟಿಗೆ ತಾಗಿ ಚಿಪ್ಪೆದ್ದಿತು. ಅದನ್ನು ಮತ್ತೆ ಕೈಗೆತ್ತಿಕೊಳ್ಳುತ್ತೇನೆ.

ಲಾಕ್ ಇಲ್ಲದ್ದನ್ನು ಹಿಡಿಯುವುದು ಹೇಗೆ ಅಂತ ಕೇಳುವವರಿಗೆ: ಚುಚ್ಚಬೇಡಿ, ಎಳೆಯಿರಿ. ಕಾರ್ಟನ್ ಟೇಪಿಗೆ ಮೊನೆ ಇಡುವಾಗ ಅಲಗಿನ ಬೆನ್ನಿಗೆ ಭಾರ ಬೀಳಬಾರದು, ಬಾಯಿಯ ಕಡೆಗೇ ಬೀಳಬೇಕು. ಸಿಕ್ಕಿಕೊಂಡರೆ ಹೊರಳಿಸದೆ ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯಿರಿ. ಎಳನೀರಿನ ತಲೆಗೆ ಹಾಕಬೇಡಿ, ಅದು ಮಚ್ಚಿನ ಕೆಲಸ. ಇಷ್ಟು ಪಾಲಿಸಿದ್ದಕ್ಕೆ ಈ ಚಾಕುವಿನಿಂದ ನನಗಾಗಲಿ ನನ್ನ ಹುಡುಗರಿಗಾಗಲಿ ಒಂದು ಹೊಲಿಗೆಯೂ ಬಿದ್ದಿಲ್ಲ.

ಕೊಳ್ಳುವಾಗ ಅಂಗಡಿಯಲ್ಲೇ ಮೂರು ವಿಷಯ ನೋಡಿ. ಮಡಚಿ ಬೆಳಕಿಗೆ ಹಿಡಿದರೆ ಮೊನೆ ಹಿಡಿಯೊಳಗೆ ಪೂರ್ತಿ ಮುಳುಗಿರಬೇಕು, ಇಲ್ಲವಾದರೆ ಜೇಬು ಹರಿಯುತ್ತದೆ. ತೆರೆದಾಗಲೂ ಮಡಚುವಾಗಲೂ ಟಕ್ ಅಂತ ಗಟ್ಟಿ ಶಬ್ದ ಬರಬೇಕು, ಅದು ಸ್ಪ್ರಿಂಗಿನ ಬಲ. ಆಮೇಲೆ ಅಲಗಿನ ಬೆನ್ನು ಹಿಡಿದು ಎಡಬಲಕ್ಕೆ ಅಲ್ಲಾಡಿಸಿ. ಸ್ವಲ್ಪ ಅಲ್ಲಾಡಿದರೂ ಅಲ್ಲೇ ವಾಪಸ್ ಕೊಟ್ಟು ಬೇರೆ ಪೀಸ್ ತೆಗೆಸಿ, ರಿವೆಟ್ ಹೊಡೆದ ಕೀಲು ಇದು, ಸ್ಕ್ರೂ ಇಲ್ಲ, ಮನೆಗೆ ತಂದ ಮೇಲೆ ಬಿಗಿ ಮಾಡೋಣ ಅಂದರೆ ಆಗಲ್ಲ.