ಕಾಂಡೋಮ್ ಇಲ್ಲದೆ ಓರಲ್ ಸೆಕ್ಸ್ ಆಗಿದ್ದರೆ: ಯಾವ ಪರೀಕ್ಷೆ, ಯಾವಾಗ

ಹೆಚ್ಚಿನವರು ಹೆದರುವುದು ಎಚ್‌ಐವಿಗೆ. ಆದರೆ ಬಾಯಿಯಿಂದ ಅದು ಹರಡುವ ಸಾಧ್ಯತೆ ತೀರಾ ಕಡಿಮೆ. ಸಲೀಸಾಗಿ ದಾಟುವುದು ಗೊನೋರಿಯಾ, ಸಿಫಿಲಿಸ್, ಹರ್ಪಿಸ್. ಎಚ್‌ಐವಿ ನೆಗೆಟಿವ್ ಬಂತೆಂದು ನಿರಾಳವಾದವರ ಗಂಟಲಲ್ಲೇ ಗೊನೋರಿಯಾ ಕೂತಿರಬಹುದು. ಅಲ್ಲಿ ಅದು ನೋಯುವುದೂ ಅಪರೂಪ.

ಬಾಯಲ್ಲಿ ಗಾಯವಿದ್ದರೆ ಅಪಾಯ ಹೆಚ್ಚು. ಕವಳ ಹಾಕುವವರ ಕೆನ್ನೆಯ ಒಳಭಾಗ ಸುಣ್ಣಕ್ಕೆ ಸುಟ್ಟಿರಬಹುದು, ಮೀನಿನ ಮುಳ್ಳು ವಸಡಿಗೆ ಚುಚ್ಚಿರಬಹುದು. ಹಲ್ಲುಜ್ಜಿದರೂ ವಸಡಲ್ಲಿ ರಕ್ತ ಬರಬಹುದು. ಹಾಗಾಗಿ ಓರಲ್ ಸೆಕ್ಸ್‌ಗೆ ಮೊದಲು ಬ್ರಷ್ ಮಾಡದೆ ಬರೀ ನೀರಿನಲ್ಲಿ ಮುಕ್ಕಳಿಸಿ. ಸೆಕ್ಸ್ ಮುಗಿದ ಮೇಲೆ ಮೌತ್‌ವಾಶ್ ಹಾಕಿದರೆ ಸೋಂಕು ತಪ್ಪುತ್ತದೆಂದು ನಂಬಬೇಡಿ. ತುಟಿಯ ಮೇಲೆ ಹರ್ಪಿಸ್ ಗುಳ್ಳೆ ಎದ್ದವರು ಅದು ಪೂರ್ತಿ ಮಾಯುವವರೆಗೆ ದೂರವಿರಬೇಕು, ಅದೇ ವೈರಸ್ ಜನನಾಂಗಕ್ಕೂ ಅಂಟುತ್ತದೆ.

ಈಗಾಗಲೇ ಆಗಿದ್ದರೆ ದಿನ ಎಣಿಸಿ. ಸಂಗಾತಿಗೆ ಎಚ್‌ಐವಿ ಇದೆ, ವೀರ್ಯ ಬಾಯಿಗೆ ಬಿದ್ದಿದೆ, ನಿಮ್ಮ ಬಾಯಲ್ಲಿ ಗಾಯವೂ ಇದೆ ಎಂದಾದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಎಚ್‌ಐವಿ ತಗಲದಂತೆ ತಡೆಯುವ ಪಿಇಪಿ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ನುಂಗಬೇಕು. ಎಲ್ಲರೂ 2 ವಾರ ಕಳೆದ ಮೇಲೆ ಗೊನೋರಿಯಾ ಪರೀಕ್ಷೆ ಮಾಡಿಸಿ. ಹೆಚ್ಚಿನವರು ಎಡವುವುದು ಇಲ್ಲೇ: ನಾಚಿಕೊಂಡು ಬಾಯಿಯ ವಿಷಯ ಹೇಳುವುದಿಲ್ಲ, ಮೂತ್ರ ಪರೀಕ್ಷೆ ಮಾತ್ರ ನಡೆಯುತ್ತದೆ, ಗಂಟಲಿನ ಸೋಂಕು ಅದರಲ್ಲಿ ಕಾಣುವುದೇ ಇಲ್ಲ. "ಗಂಟಲ ಸ್ವಾಬ್ ತೆಗೆಯಿರಿ" ಎಂದು ಬಾಯಿಬಿಟ್ಟು ಕೇಳಿ. ಸಿಫಿಲಿಸ್ ಮತ್ತು ಎಚ್‌ಐವಿಗೆ 6 ವಾರ ಕಳೆದ ಮೇಲೆ ಒಮ್ಮೆ, 3 ತಿಂಗಳು ಕಳೆದ ಮೇಲೆ ಇನ್ನೊಮ್ಮೆ ರಕ್ತ ಕೊಡಿ. ತುಟಿ, ನಾಲಿಗೆ ಅಥವಾ ಜನನಾಂಗದಲ್ಲಿ ನೋವಿಲ್ಲದ ಹುಣ್ಣು ಕಂಡರೆ ಅಷ್ಟು ದಿನ ಕಾಯಬೇಡಿ. ಸಿಫಿಲಿಸ್ ಹುಣ್ಣು ತಾನಾಗಿ ಮಾಯುತ್ತದೆ, ರೋಗ ಮಾತ್ರ ಒಳಗೇ ಉಳಿಯುತ್ತದೆ.

ಕಾರವಾರದ ಜಿಲ್ಲಾ ಆಸ್ಪತ್ರೆಯ ಐಸಿಟಿಸಿಯಲ್ಲಿ (ಸಲಹೆ ಮತ್ತು ಪರೀಕ್ಷಾ ಕೇಂದ್ರ) ಎಚ್‌ಐವಿ ಪರೀಕ್ಷೆ ಉಚಿತ. ನಮ್ಮ ಊರುಗಳಲ್ಲಿ ಗುರುತಿನವರು ಸಿಗುವ ಭಯ ಸಹಜ, ಆದರೆ ನಿಮ್ಮ ಎಚ್‌ಐವಿ ವರದಿಯನ್ನು ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನು 2017ರ ಎಚ್‌ಐವಿ/ಏಡ್ಸ್ ಕಾಯ್ದೆ ತಡೆಯುತ್ತದೆ. ಮೊದಲು ಫೋನಿನಲ್ಲಿ ಕೇಳುವುದಾದರೆ ಏಡ್ಸ್ ಸಹಾಯವಾಣಿ 1097.

ಮೆಡಿಕಲ್ ಶಾಪಿನಿಂದ ನಾಲ್ಕು ಅಜಿತ್ರೊಮೈಸಿನ್ ತಂದು ನುಂಗಬೇಡಿ. ಗಂಟಲಿನ ಗೊನೋರಿಯಾ ಸಾಮಾನ್ಯವಾಗಿ ವಾಸಿಯಾಗುವುದು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್‌ನಿಂದ, ಸಿಫಿಲಿಸ್ ಪೆನಿಸಿಲಿನ್‌ನಿಂದ. ಸಂಗಾತಿಗೂ ಚಿಕಿತ್ಸೆ ಆಗಲೇಬೇಕು. ಗೊನೋರಿಯಾಕ್ಕೆ ಇಬ್ಬರ ಚಿಕಿತ್ಸೆಯೂ ಮುಗಿದು 7 ದಿನ ಕಳೆಯುವವರೆಗೆ ಸಂಪರ್ಕ ಬೇಡ. ಇಲ್ಲದಿದ್ದರೆ ಅದು ಒಬ್ಬರಿಂದೊಬ್ಬರಿಗೆ ಸುತ್ತುತ್ತಲೇ ಇರುತ್ತದೆ.

ಮುಂದಿನ ಸಲಕ್ಕೆ ಕಾಂಡೋಮ್ ಇಟ್ಟುಕೊಳ್ಳಿ. ಹೆಣ್ಣಿಗೆ ಬಾಯಿ ತಾಗಿಸುವಾಗ ಅದರ ತುದಿ ಮತ್ತು ಬುಡದ ಉಂಗುರ ಕತ್ತರಿಸಿ, ಉದ್ದಕ್ಕೆ ಸೀಳಿ, ಹಾಳೆಯಂತೆ ಬಿಡಿಸಿ ನಡುವೆ ಹಿಡಿಯಿರಿ. ಮಧ್ಯದಲ್ಲಿ ಮಗುಚಬೇಡಿ. ಮನೆಯ ಕೊಬ್ಬರಿ ಎಣ್ಣೆ ಸವರಬೇಡಿ, ಎಣ್ಣೆ ತಾಗಿದ ಲೇಟೆಕ್ಸ್ ಕೆಲವೇ ನಿಮಿಷಗಳಲ್ಲಿ ದುರ್ಬಲವಾಗಿ ಹರಿಯುತ್ತದೆ.