ಪಾರ್ಕಿಂಗ್ ಬಿಟ್ಟೆ, ನಾಲ್ಕು ಮನೆ ನಿಂತವು

ಮಡಿಕೇರಿಯ ಸರ್ಕಾರಿ ಬಸ್‌ಸ್ಟ್ಯಾಂಡಿನಿಂದ ಏಳೆಂಟು ನಿಮಿಷ ನಡೆದರೆ ನನ್ನ ಜಾಗ. ಎಂಟು ಸೆಂಟು, ಪೂರ್ತಿ ಇಳಿಜಾರು. ಈಗ ಅಲ್ಲಿ ನಾಲ್ಕು ಬಾಡಿಗೆ ಮನೆಗಳಿವೆ. ಕಾರು ನಿಲ್ಲಿಸಲು ಜಾಗವೇ ಇಲ್ಲ. ಎರಡು ವರ್ಷದಿಂದ ಒಂದೂ ಖಾಲಿ ಬಿದ್ದಿಲ್ಲ.

"ಭಾವ, ಪಾರ್ಕಿಂಗ್ ಇಲ್ಲದ ಮನೆಗೆ ಯಾರು ಬರ್ತಾರೆ? ಸುಮ್ನೆ ಹೋಂಸ್ಟೇ ಮಾಡಿ" ಅಂತ ಹೆಂಡತಿಯ ತಮ್ಮ ಹೇಳಿದ್ದ. ನನಗೆ ಒಪ್ಪಿಗೆಯಾಗಲಿಲ್ಲ. ಇಲ್ಲಿ ಕೆಲಸ ಮಾಡುವ ನರ್ಸ್‌ಗಳು, ಅಂಗಡಿ ಹುಡುಗರು ಮನೆ ಸಿಗದೆ ಕುಶಾಲನಗರದಿಂದ ದಿನಾ ಓಡಾಡುತ್ತಾರೆ, ಅಲ್ವಾ?

ಆದರೂ ಮೊದಲ ಪ್ಲಾನಿನಲ್ಲಿ ಹೆದರಿ ಎರಡು ಕಾರಿಗೆ ಜಾಗ ಬಿಟ್ಟೆ. ಅದಕ್ಕಾಗಿ ಜೆಸಿಬಿಯಿಂದ ಬರೆಯನ್ನು, ಅಂದ್ರೆ ಗುಡ್ಡದ ಇಳಿಜಾರನ್ನು, ಹತ್ತಡಿ ನೆಟ್ಟಗೆ ಕಡಿಸಿದೆ. ತಡೆಗೋಡೆಯಲ್ಲಿ ನೀರು ಹೋಗಲು ಪೈಪ್ ಇಟ್ಟಿದ್ದು ನಾಲ್ಕೇ ನಾಲ್ಕು. ಜುಲೈ ಮಳೆಗೆ ಗೋಡೆ ಹೊಟ್ಟೆ ಬಿಟ್ಟಿತು. 2018ರ ಆಗಸ್ಟ್‌ನ ಭೂಕುಸಿತ ಕಂಡವರು ನಾವು, ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಸುಮಾರು ನಾಲ್ಕು ಲಕ್ಷ ಮಣ್ಣುಪಾಲಾಯಿತು.

ಆಮೇಲೆ ಲೆಕ್ಕ ಹಾಕಿದೆ. ಒಂದು ಕಾರು ನಿಂತು ತಿರುಗಲು 250 ಚದರಡಿ ಬೇಕು. ನನ್ನ ಒಂದು ಮನೆಯೇ 380. ಪಾರ್ಕಿಂಗ್ ಕೈಬಿಟ್ಟೆ. ಜಾಗವನ್ನು ಮೂರು ಮೆಟ್ಟಿಲು ಮಾಡಿದೆ, ಯಾವ ಗೋಡೆಯೂ ಐದಡಿ ದಾಟದಂತೆ. ನಾಲ್ಕು ಅಡಿಗೊಂದು ಪೈಪ್. ಗೋಡೆಯ ಹಿಂದೆ ಏನೇನು, ಯಾವ ಲೆಕ್ಕದಲ್ಲಿ ತುಂಬಿದೆವು ಅನ್ನೋದನ್ನು ಇಲ್ಲಿ ಹೇಳಲ್ಲ, ಅದು ನನ್ನ ಮತ್ತು ಮೇಸ್ತ್ರಿಯ ಗುಟ್ಟು. ಆಮೇಲಿನ ಮಳೆಗಾಲಗಳಲ್ಲಿ ಒಂದು ಬಿರುಕೂ ಇಲ್ಲ.

ದಾರಿಯ ಮೆಟ್ಟಿಲಿಗೆ ಪಾಚಿ ಕಟ್ಟುತ್ತಿತ್ತು. ಸುಣ್ಣ ಹಾಕಿದೆ, ಬ್ಲೀಚಿಂಗ್ ಪೌಡರ್ ಹಾಕಿದೆ, ಕೊನೆಗೆ ಒರಟು ಕಲ್ಲನ್ನೇ ಹಾಸಿಸಿದೆ. ಹಂಡೆ ಒಲೆಯ ಪಕ್ಕ ಬಟ್ಟೆ ಒಣಗಿಸಲು ಒಂದು ಕೋಣೆಯನ್ನೂ ಕಟ್ಟಿಸಿದೆ. ಮಳೆಗಾಲದಲ್ಲಿ ಬಾಡಿಗೆಯವರು ಅದನ್ನೇ ಜಾಸ್ತಿ ಹೊಗಳುತ್ತಾರೆ.

ಒಟ್ಟು ಖರ್ಚು 38 ಲಕ್ಷದ ಆಸುಪಾಸು, ಹಾಳಾದ ಗೋಡೆ ಸೇರಿ. ಬಾಡಿಗೆ ತಲಾ 8,500. ಸೀಸನ್ನಿನಲ್ಲಿ ಹೋಂಸ್ಟೇಗೆ ಇದಕ್ಕಿಂತ ಜಾಸ್ತಿ ಬರುತ್ತದೆ, ಆದರೆ ಮಳೆಯ ಮೂರು ತಿಂಗಳು? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಖಾಸಗಿ ಬಸ್ಸಿಗೆ ಅದು ಅನ್ವಯಿಸಲ್ಲ. ಹಾಗಾಗಿ ಸರ್ಕಾರಿ ಬಸ್‌ಸ್ಟ್ಯಾಂಡಿನ ಹತ್ತಿರದ ಮನೆಗೆ ಬೇಡಿಕೆ ಇನ್ನೂ ಏರಿದೆ.

ಕಳೆದ ತಿಂಗಳು ಅದೇ ಭಾವಮೈದ ವಿರಾಜಪೇಟೆಯ ತನ್ನ ಜಾಗ ನೋಡಲು ಕರೆದ. ಕೊಡೆ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದು ನೋಡಿದೆವು. ಹದಿನೆಂಟು ನಿಮಿಷ. ಅಲ್ಲಿ ಸದ್ಯಕ್ಕೆ ಎರಡೇ ಮನೆ ಸಾಕು ಅಂದಿದ್ದೇನೆ.